ಬಟ್ಟೆ ಕೋಣೆಯ ಮೇಲಿನ ಡಬ್ಬಿ

ಆರೈಕೆ ಮನೆಯ ಆಫೀಸು,
ಹದಿನಾಲ್ಕನೇ ತಾರೀಖು, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಸೊಂಟ ಹೇಗಿದೆ? ಆಪರೇಷನ್ ಆದ ಮೇಲೆ ಎದ್ದು ಕೂರಲು ಬಿಟ್ಟರೇ? ಡಾಕ್ಟರಿಗೆ ನೀನು ಬುದ್ಧಿ ಹೇಳಲು ಇನ್ನೂ ಶುರು ಮಾಡಿಲ್ಲ ಅಂದುಕೊಂಡಿದ್ದೇನೆ. ಫೋನು ಮಾಡಿದರೆ ಅತ್ತಿಗೆ ಸ್ಪೀಕರ್ ಹಾಕಿಬಿಡುತ್ತಾರೆ, ಅದಕ್ಕೇ ಈ ಕಾಗದ.

ಒಂಬತ್ತನೇ ಕೋಣೆಯ ಟೀಚರಮ್ಮ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ತೊಡೆಯ ಮೂಳೆ ಮುರಿದಿದೆ. ಮತ್ತೆ ನಡೆಯುತ್ತಾರೋ ಇಲ್ಲವೋ ಯಾರೂ ಬಾಯಿ ಬಿಡುತ್ತಿಲ್ಲ. ಸೋಮವಾರ ಮಧ್ಯಾಹ್ನ ಬಿದ್ದವರು ನೆಲದ ಮೇಲಿಂದಲೇ ಇಪ್ಪತ್ತು ನಿಮಿಷ ಕರೆಗಂಟೆ ಒತ್ತುತ್ತಲೇ ಇದ್ದರಂತೆ. ಆ ಮಹಡಿಯ ದಾದಿ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಜೇಬಿನಲ್ಲೇ ಇದ್ದ ಫೋನು ಒಮ್ಮೆಯೂ ಸದ್ದು ಮಾಡಲಿಲ್ಲ. ನೀನು ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಹತ್ತು ವೈಫೈ ಡಬ್ಬಿಗಳ ಪಾಸ್‌ವರ್ಡ್ ಬದಲಾಗಿತ್ತು. ಬಟ್ಟೆ ಕೋಣೆಯ ಮೇಲಿನ ಹನ್ನೊಂದನೆಯದು ಮಾತ್ರ ಹಳೆಯದರಲ್ಲೇ ಕೂತಿತ್ತು. ಕರೆಗಂಟೆ ದಾದಿಯರ ಫೋನಿಗೆ ಬರುವುದೇ ವೈಫೈ ಮೂಲಕ; ಹೊಸ ಪಾಸ್‌ವರ್ಡ್ ಹಾಕಿದ ಫೋನು ಹಳೆಯ ಡಬ್ಬಿಗೆ ಸೇರದು, ಹಾಗಾಗಿ ಅದರ ಕೆಳಗೆ ನಿಂತವರಿಗೆ ಗಂಟೆ ತಲುಪುವುದೇ ಇಲ್ಲ. ನಿನ್ನೆ ಫೋನಿನಲ್ಲಿ ನೀನು, "ನಾನೇ ಮರೆತಿರ್ಬೇಕು ಕಣೇ, ಆ ನೋವಲ್ಲಿ ನಂಗೇನೂ ನೆನಪಿಲ್ಲ" ಅಂದೆ.

ಮೂರು ಡಬ್ಬಿ ಇದ್ದಾಗ ನಿನ್ನ ಪದ್ಧತಿ ಚೆನ್ನಾಗಿಯೇ ನಡೆಯಿತು. ಯಾರಾದರೂ ಕೆಲಸ ಬಿಟ್ಟ ಮರುದಿನ ಏಣಿ, ಲ್ಯಾಪ್‌ಟಾಪ್ ಹೊತ್ತು ಹೋಗಿ ಒಂದೊಂದರ ಪಾಸ್‌ವರ್ಡ್ ಬದಲಾಯಿಸಿ, ಚಹಾ ಆರುವುದರೊಳಗೆ ಇಳಿದು ಬರುತ್ತಿದ್ದೆ. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಯ ಮಾತೆತ್ತಿದರೆ, "ಮೂರು ಡಬ್ಬಿಗೆ ಮೇಲೊಬ್ಬ ಯಜಮಾನ ಯಾಕೆ, ನಾನಿಲ್ವಾ?" ಅನ್ನುತ್ತಿದ್ದೆ. ಮೂರು ಏಳಾಯಿತು, ಮೂರು ಮಹಡಿಗೆ ಹನ್ನೊಂದಾಯಿತು, ನೀನು ಮಾತ್ರ ಒಬ್ಬನೇ ಉಳಿದೆ. ಏಣಿ ಹತ್ತದೆ ಯಾವುದು ಸರಿಯಿದೆ, ಯಾವುದು ಇಲ್ಲ ಎಂದು ಹೇಳಲಾಗದೆ ಹೋದ ದಿನವೇ ನಾನು ನಿನ್ನ ಮಾತು ಮೀರಬೇಕಿತ್ತು. ನಿನಗೆ ಬೇಜಾರಾದೀತು ಅಂತ ಸುಮ್ಮನಿದ್ದೆ.

ನಿನ್ನೆ ಆ ಒಂದೇ ಕಡೆಯ ವ್ಯವಸ್ಥೆ ಹಾಕಿಕೊಡುವ ಕಂಪನಿಯವರು ಬಂದಿದ್ದರು. ನೀನು ಕೂಡಿಸಿಟ್ಟದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಂತೆ. ಇನ್ನು ಹನ್ನೊಂದೂ ಒಂದೇ ಪರದೆಯ ಮೇಲೆ ಕಾಣುತ್ತವೆ, ಒಂದು ಹಿಂದೆ ಬಿದ್ದರೂ ತಕ್ಷಣ ಗೊತ್ತಾಗುತ್ತದೆ. ಸಹಿ ಹಾಕಿದ್ದೇನೆ. ಬೈಯಬೇಕೆನಿಸಿದರೆ ಮಲಗಿಕೊಂಡೇ ಬೈ. ಇವತ್ತು ನಾಲ್ಕು ಗಂಟೆಗೆ ಇಲ್ಲಿರುವವರ ಮನೆಯವರೆಲ್ಲ ಸೇರುತ್ತಾರೆ. ಟೀಚರಮ್ಮನ ಮಗಳಿಗೆ ಬೇಕಿರುವುದು ಒಂದೇ ಉತ್ತರ, ಯಾರ ತಪ್ಪು ಅಂತ. ಹಿರಿಯ ದಾದಿ, "ನಿಮ್ಮಣ್ಣ ಹೇಗೂ ಇಲ್ಲಿಲ್ಲ, ಅವ್ರದೇ ಅಂತ ಹೇಳಿ ಮುಗಿಸ್ಬಿಡಿ ಅಕ್ಕ" ಅನ್ನುತ್ತಿದ್ದಾಳೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ಬೇಗ ಹುಷಾರಾಗಿ ಬಾ.

ನಿನ್ನ ತಂಗಿ

ತಾ.ಕ.: ಆ ದಿನ ಹತ್ತನೆಯ ಡಬ್ಬಿ ಮುಗಿಯುವಷ್ಟರಲ್ಲಿ ನಿನಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. "ಬಟ್ಟೆ ಕೋಣೇದು ನೀನೇ ಮಾಡ್ಬಿಡೇ" ಅಂದೆ. ನಾನು ಹೂಂ ಅಂದೆ. ನಿನ್ನ ಬ್ಯಾಗು ತುಂಬುವ ಗಡಿಬಿಡಿಯಲ್ಲಿ ಮರೆತೆ. ನಿನ್ನೆ ನೀನು ತಪ್ಪು ಹೊತ್ತುಕೊಂಡಾಗಲೂ ಬಾಯಿ ಬಿಡಲಿಲ್ಲ. ಈ ಕಾಗದವನ್ನು ಸಭೆಗೆ ಮೊದಲೇ ಅಂಚೆ ಪೆಟ್ಟಿಗೆಗೆ ಹಾಕುತ್ತಿದ್ದೇನೆ, ಅಲ್ಲಿ ನನ್ನ ಧೈರ್ಯ ಕೈಕೊಟ್ಟರೂ ಹಿಂದಕ್ಕೆ ತೆಗೆದುಕೊಳ್ಳಲು ಆಗಬಾರದು ಅಂತ.