ಡಿಸ್ಕಿಗೆ ಹಚ್ಚಿದ ವಿಭೂತಿ

ಗೆಳೆಯಾ ಬಸಣ್ಣಾ,

ಪೀಣ್ಯದ ನಮ್ಮ ಬಾಡಿಗೆ ರೂಮಿನಲ್ಲಿ ಭಾನುವಾರ ಮಧ್ಯಾಹ್ನ ನೀನು ತತ್ವಪದ ಹಾಡುತ್ತಿದ್ದೆ, ನಾನು ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಕೂರುತ್ತಿದ್ದೆ. ನಡುವೆ ಕುಕ್ಕರ್ ಕೂಗಿದರೆ ನಿನಗೆ ಎಲ್ಲಿಲ್ಲದ ಸಿಟ್ಟು. "ಲೇ, ಮೊದ್ಲ ಅದನ್ನ ಆರಿಸೋ, ಅನ್ನಾನೂ ಹಾಡಾಕತ್ತೈತಿ" ಎನ್ನುತ್ತಿದ್ದೆ. ಜ್ವರವೆಂದು ಮಲಗಿದವನು ಎಂಟೇ ದಿನಕ್ಕೆ ಹೋಗಿಬಿಟ್ಟೆ. ನಿನ್ನ ಮಗಳು ಗೌರಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ನಿನ್ನ ದನಿಯೆಂದು ಉಳಿದದ್ದು ಅದೊಂದೇ ಕ್ಯಾಸೆಟ್ಟು.

ಅದರ ಟೇಪು ಸುಕ್ಕಾಗತೊಡಗಿದಾಗ ಹಾಡನ್ನು ಸಿ.ಡಿ. ಡಿಸ್ಕಿಗೆ ಹಾಕಿಸಲು ರೆಕಾರ್ಡಿಂಗ್ ಅಂಗಡಿಗೆ ಹೋದೆ. "ಕಂಪನಿ ಹೆಸರಿಲ್ಲದ ಲೂಸ್ ಡಿಸ್ಕ್ ಬೇಡಣ್ಣ, ಎರಡು ವರ್ಷಕ್ಕೆ ಹೋಗ್ಬಿಡುತ್ತೆ. ಒಳ್ಳೇದು ತಗೋ. ಎರಡು ಬೇರೆ ಬೇರೆ ಕಂಪನೀದು ತಗೊಂಡ್ರೆ ಒಂದು ಕೈಕೊಟ್ರೂ ಇನ್ನೊಂದಿರುತ್ತೆ" ಎಂದ ಅಂಗಡಿಯವನು. ಅವನು ಹೇಳಿದ್ದನ್ನೆಲ್ಲ ಪಾಲಿಸಿದೆ. ಬಿಸಿಲಿಗೆ ಇಡಲಿಲ್ಲ, ಹೊಳೆಯುವ ಬದಿಗೆ ಬೆರಳು ತಾಗಿಸಲಿಲ್ಲ. ಇನ್ನು ಹಳೇ ಕ್ಯಾಸೆಟ್ಟು ಯಾಕೆ ಎಂದು ಎಸೆದೂ ಬಿಟ್ಟೆ. ಎಂಥ ಜಾಣ ನೋಡು ನಾನು.

ಆ ವರ್ಷದ ಆಯುಧಪೂಜೆ ದಿನ ವರ್ಕ್‌ಶಾಪಿನ ಲೇತ್ ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ ರೂಮಿಗೆ ಬಂದೆ. ನಿನ್ನ ದನಿಗೆ ಪೂಜೆ ಬೇಡವೇ? ಒದ್ದೆ ಬೆರಳಲ್ಲಿ ಎರಡೂ ಡಿಸ್ಕಿನ ಬೆನ್ನಿಗೆ, ಹೆಸರು ಬರೆಯುವ ಬದಿಗೆ, ಮೂರು ಗೆರೆ ಎಳೆದು ಕುಂಕುಮ ಇಟ್ಟೆ. ಒಣಗಿದ ಮೇಲೆ ಯಂತ್ರ ಒರೆಸುವ ಬಟ್ಟೆಯಿಂದಲೇ ತಿಕ್ಕಿದೆ. ಬೆನ್ನಲ್ಲವೇ, ಏನಾಗುತ್ತದೆ ಅಂತ... ವರ್ಷವರ್ಷವೂ ಹೀಗೇ ಮಾಡಿದೆ.

ಹೋದ ತಿಂಗಳು ನಿನ್ನ ಹೆಂಡತಿ ನೀಲವ್ವ ಫೋನ್ ಮಾಡಿದಳು. "ಅಣ್ಣಾ, ಅಪ್ಪನ ದನಿ ಹೆಂಗಿತ್ತು ಅಂತ ಗೌರಿ ಗಂಟುಬಿದ್ದಾಳ. ಊರಿಗೆ ಬರುವಾಗ ಆ ಹಾಡಿನ ಡಿಸ್ಕ್ ತರ್ರಿ." ಡಿಸ್ಕುಗಳನ್ನು ಬೆಳಕಿಗೆ ಹಿಡಿದರೆ ತೂತು ತೂತು. ಅಂಗಡಿಗೆ ಒಯ್ದು ಹಾಕಿಸಿದರೂ ಎರಡೂ ಓಡಲಿಲ್ಲ. "ಹಾಡು ಕೂತಿರೋದೇ ಆ ಬೆನ್ನಿನ ತೆಳು ಪದರದಲ್ಲಿ ಕಣಣ್ಣ. ಅಲ್ಲಿ ಯಾರಾದ್ರೂ ತಿಕ್ತಾರಾ?" ಎಂದ ಅಂಗಡಿಯವನು. ಮಂಗನ ಕೈಯಲ್ಲಿ ಮಾಣಿಕ್ಯ ಅನ್ನುತ್ತಾರಲ್ಲ, ಆ ಮಂಗ ನಾನೇ. ನಿನ್ನನ್ನು ಈ ಕೈಯಿಂದಲೇ ಒರೆಸಿ ಹಾಕಿದೆ ಬಸಣ್ಣ. ಯಾರ ಮುಂದೆ ಹೇಳಿಕೊಂಡು ಅಳಲಿ?

ಆಮೇಲೆ ಮಾಡಿದ್ದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಅದೇ ಅಂಗಡಿಯಲ್ಲಿ ಕೂತು, ನಿನ್ನ ಪದವನ್ನು ನಾನೇ ಹಾಡಿ, ನಿನ್ನ ಹಾಗೆಯೇ ಸಾಲಿನ ಕೊನೆಯನ್ನು ಮೂಗಿನಲ್ಲಿ ಎಳೆದು, ಹೊಸ ಡಿಸ್ಕಿಗೆ ಹಾಕಿಸಿದೆ. ಊರಿಗೆ ಹೋಗಿ ಗೌರಿಯ ಕೈಗೆ ಕೊಟ್ಟೆ. ಹುಡುಗಿ ಸ್ಪೀಕರಿಗೆ ಕಿವಿ ಹಚ್ಚಿ ಕೂತಳು. ಒಂದು ಸಾಲು ಮುಗಿಯುವುದರೊಳಗೆ ನೀಲವ್ವ ತಲೆಯೆತ್ತಿ ನನ್ನನ್ನೇ ನೋಡಿದಳು.

"ಯವ್ವಾ, ಇದು ಅಪ್ಪಂದ ದನಿ ಏನ?" ಎಂದು ಗೌರಿ ಕೇಳಿದಳು.

ನೀಲವ್ವ ನನ್ನ ಮೇಲಿನ ನೋಟ ತೆಗೆಯಲಿಲ್ಲ. "ಹೂಂ. ನಿಮ್ಮಪ್ಪಂದ" ಎಂದಳು. ಎದ್ದು ಒಳಗೆ ಹೋದವಳು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ನಿನ್ನ ಮಗಳು ಈಗ ಆ ಪದವನ್ನು ಕಲಿತಿದ್ದಾಳಂತೆ ಬಸಣ್ಣ. ನಾನು ತಪ್ಪಿದ ಕಡೆಯೆಲ್ಲ ತಪ್ಪಿ, ನನ್ನ ಹಾಗೆಯೇ ಹಾಡುತ್ತಾಳಂತೆ.

ನಿನ್ನ
ಮಲ್ಲೇಶಿ