ಎರಡೂ ಕಾಲಿಲ್ಲದವನ ಪಟ ಬೇಕಾಗಿದೆ

ಮೇಲಿನ ಕಾರವಾರ
ಫೆಬ್ರುವರಿ ೩೧, ೨೪೭೦

ಹಿಂದಿನವರೇ,

ಈ ತಾರೀಖು ನಿಮಗೆ ತಮಾಷೆಯಾಗಿ ಕಂಡೀತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಒಂದೇ ಅಳತೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಇಲ್ಲಿನ ತಾಳೆಮನೆಯ ಅಧಿಕಾರಿ ವಾಮನ ಗುನಗಿ. ತಾಳೆಮನೆಯೆಂದರೆ ಬಡವರನ್ನು ಪಟದ ಜೊತೆ ಹೋಲಿಸಿ ನೋಡುವ ಕಚೇರಿ.

ಸಮುದ್ರ ಹಳೆಯ ಊರನ್ನು ನುಂಗಿದ ಮೇಲೆ ಎಲ್ಲರೂ ತಾವೇ ಬಡವರೆಂದು ಅಕ್ಕಿಗೆ ಕೈಯೊಡ್ಡತೊಡಗಿದರು. ಯಾರನ್ನು ನಂಬುವುದು? ಅದೇ ಹೊತ್ತಿಗೆ ಡಚ್ಚರ ಅಚ್ಚುಚಿತ್ರಗಳ ಪೆಟ್ಟಿಗೆಯೊಂದು ಸಿಕ್ಕಿತು. ಅಂಗೈಯಷ್ಟು ಹಾಳೆಗಳಲ್ಲಿ ಬರೀ ಭಿಕ್ಷುಕರು: ಹರಕು ಟೊಪ್ಪಿಯ ಮುದುಕ, ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು, ನಾಯಿ ಹಿಡಿದ ಕುರುಡ, ಬಲಗಾಲಿಲ್ಲದೆ ಊರುಗೋಲಿಗೆ ಜೋತುಬಿದ್ದವನು. ಬಡವರನ್ನು ಇಷ್ಟು ಶ್ರದ್ಧೆಯಿಂದ ಕೊರೆದಿಟ್ಟಿದ್ದಾರೆಂದರೆ ಇದು ಸರಕಾರಿ ಮಾದರಿಯೇ ಇರಬೇಕೆಂದು ನಮ್ಮ ಹಿರಿಯರು ತೀರ್ಮಾನಿಸಿದರು. ಅಂದಿನಿಂದ ಪಟಕ್ಕೆ ತಾಳೆಯಾದವನಿಗೆ ಮಾತ್ರ ಅಕ್ಕಿ. ಈ ಸೆಕೆಯಲ್ಲೂ ಜನ ಉಣ್ಣೆಯ ಟೊಪ್ಪಿ ಹೊಲಿಸಿಕೊಂಡು ಬಂದು ಬೆನ್ನು ಬಗ್ಗಿಸಿ ನಿಲ್ಲುತ್ತಾರೆ. ನೋಡಲು ಚೆನ್ನಾಗಿರುತ್ತದೆ.

ಕಳೆದ ತಿಂಗಳು ಪುರ್ಸು ಹರಿಕಂತ್ರ ಎಂಬ ಮೀನುಗಾರ ಬಂದ. ದೋಣಿಯ ಯಂತ್ರಕ್ಕೆ ಸಿಕ್ಕು ಅವನ ಎಡಗಾಲು ಹೋಗಿತ್ತು. ಪಟದವನಿಗೆ ಇಲ್ಲದ್ದು ಬಲಗಾಲು. ತಾಮ್ರದ ತಗಡಿನಲ್ಲಿ ಕೊರೆದದ್ದು ಕಾಗದಕ್ಕೆ ಒತ್ತಿದಾಗ ಎಡಬಲ ತಿರುಗುತ್ತದೆ. ಆ ಡಚ್ಚ ಭಿಕ್ಷುಕನಿಗೂ ಎಡಗಾಲೇ ಇರಲಿಲ್ಲವೇನೋ. ನನಗೇನು ಗೊತ್ತಿಲ್ಲವೆ? ಆದರೆ ನಮ್ಮ ಹತ್ತಿರ ಇರುವುದು ಕಾಗದ, ಭಿಕ್ಷುಕನಲ್ಲ. ಬಲಗಾಲು ಇರುವುದರಿಂದ ಅಕ್ಕಿಯಿಲ್ಲ ಎಂದು ಹೇಳಿ ಕಳಿಸಿದೆ.

ನಿನ್ನೆ ಅವನ ಹೆಂಡತಿ ಸಾವಂತಿ ಅವನನ್ನು ಮೀನಿನ ಕೈಗಾಡಿಯಲ್ಲಿ ಎಳೆದು ತಂದಳು. ಬಲಗಾಲೂ ಇರಲಿಲ್ಲ. ತೊಡೆಗೆ ಸುತ್ತಿದ ಸೀರೆಯ ತುಂಡು ಇನ್ನೂ ಒದ್ದೆಯಾಗಿತ್ತು.

“ನೀವು ಹೇಳಿದ ಕಾಲು ತೆಗ್ದಾಯ್ತು ಒಡೆಯಾ,” ಅಂದ. “ಈಗಾದ್ರೂ ಅಕ್ಕಿ ಕೊಡಿ. ಮಕ್ಳು ಉಪಾಸ ಬಿದ್ದಿವೆ.”

ನಗು ಬಂತು, ಸುಳ್ಳೇಕೆ ಹೇಳಲಿ. ಆದರೂ ಅವನಿಗಾಗಿ ಎಲ್ಲ ಹಾಳೆಗಳನ್ನೂ ತಿರುವಿ ಹಾಕಿದೆ. ಎರಡೂ ಕಾಲಿಲ್ಲದವನ ಪಟ ಒಂದೂ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದ ವಸ್ತುಸಂಗ್ರಹಾಲಯಗಳಲ್ಲಿ ಡಚ್ಚರ ಅಂಥ ಹಾಳೆಯೇನಾದರೂ ಇದ್ದರೆ, ಮೇಣದ ಬಟ್ಟೆಯಲ್ಲಿ ಸುತ್ತಿ ಸದಾಶಿವಗಡದ ಗುಡ್ಡದ ನೆತ್ತಿಯಲ್ಲಿ ಹೂತಿಡಿ. ನಾವು ಅಗೆದು ತೆಗೆಯುತ್ತೇವೆ.

ನೀವು ಹೂತಿಡುವವರಾಗಿದ್ದರೆ ಅದು ಈಗಾಗಲೇ ಅಲ್ಲಿರಬೇಕಲ್ಲ ಎಂದು ಇವತ್ತು ಬೆಳಿಗ್ಗೆ ಆಳುಗಳನ್ನು ಹಚ್ಚಿ ಅಗೆಸಿದೆ. ಬರೀ ಕಲ್ಲು ಸಿಕ್ಕಿತು. ಅಂದರೆ ನೀವೂ ಈ ಪತ್ರವನ್ನು ಓದಿ ಪಕ್ಕಕ್ಕಿಡುವವರೇ. ಆಳುಗಳು ಮನೆಗೆ ಹೋದರು. ಪುರ್ಸು ನಮ್ಮ ಬಾಗಿಲಲ್ಲೇ ಬಿದ್ದಿದ್ದಾನೆ. ಇನ್ನೂ ಅಗೆಯುತ್ತಿದ್ದಾರೆಂದು ಅವನಿಗೆ ಹೇಳಿದ್ದೇನೆ.