ನೀನು ಉಸಿರೆಳೆಯುವ ಜಾಗ

ಅಕ್ಕಾ,

ದೇಶವಿದೇಶದ ವಾದ್ಯಗಳು ಸೇರಿದ್ದ ಸಂಗೀತ ಮೇಳದಲ್ಲಿ ಇವತ್ತು ನಿನ್ನ ಹಾಡಿಗೇ ಡೋಲು ಬಾರಿಸಿದೆ. ನೀನು ಹೋದಮೇಲೆ ಇದೇ ಮೊದಲು. ನಿನ್ನ ಕೊಳಲಿನ ಬದಲು ರಾಗ ನುಡಿಸಲು ಒಬ್ಬ ಹುಡುಗಿಯ ಕಂಪ್ಯೂಟರ್ ಇತ್ತು.

ಅಭ್ಯಾಸ ಮಾಡುವಾಗ ನಾಲ್ಕನೇ ಸಾಲಿಗೆ ಬಂದಾಗೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು. ನೀನು ಉಸಿರೆಳೆದುಕೊಳ್ಳುತ್ತಿದ್ದ ಜಾಗವಲ್ಲವೇ ಅದು. ಕಂಪ್ಯೂಟರ್ ಯಾರಿಗೂ ಕಾಯದೆ ಮುಂದೆ ಹೋಗುತ್ತಿತ್ತು.

"ಅಯ್ಯೋ, ಅಲ್ಲಿ ಯಾಕೆ ನಿಲ್ಲಿಸ್ತೀರಾ?" ಅಂತ ಅದನ್ನು ನುಡಿಸುವವಳು ಕೇಳಿದಳು.

"ಕೈ ಮಾತು ಕೇಳಲ್ಲಮ್ಮ," ಅಂದೆ.

ಸಂಜೆ ವೇದಿಕೆಯಲ್ಲಿ, ಈ ಸಲ ನಿಲ್ಲಕೂಡದೆಂದು ಹಲ್ಲು ಕಚ್ಚಿ ಬಾರಿಸಿದೆ. ನಿಂತದ್ದು ಕಂಪ್ಯೂಟರ್! ಪುಣ್ಯಾತ್ಗಿತ್ತಿ, ನನಗೋಸ್ಕರ ಅಲ್ಲಿ ಜಾಗ ಬಿಟ್ಟಿದ್ದಳು. ನೀನು ಉಸಿರೆಳೆದುಕೊಳ್ಳಬೇಕಿದ್ದ ಕಡೆ ನನ್ನ ಡೋಲೊಂದೇ ಬಡಿದುಕೊಳ್ಳುತ್ತಿತ್ತು.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಅಕ್ಕಾ.